ಮೇಕೆಗೆ ಮಾತ್ರ ತಕ್ಕಡಿ ಯಾಕೆ ಬೇಡ ಸ್ವಾಮಿ?

ನಮ್ಮ ಮಧುಗಿರಿ, ಪಾವಗಡ ಕಡೆ ಹುಣಸೆಹಣ್ಣು ತೂಗಿ ಕೊಳ್ತಾರೆ, ಕಡಲೇಕಾಯಿ ತೂಗಿ ಕೊಳ್ತಾರೆ. ಮೇಕೆ ಮಾತ್ರ ಕಣ್ಣಂದಾಜು! ಸಂತೆಗೆ ಹೊಡ್ಕೊಂಡು ಹೋದರೆ ದಲ್ಲಾಳಿ ಬೆನ್ನು ಅಮುಕಿ, ಟವೆಲ್ ಕೆಳಗೆ ಬೆರಳು ಹಿಡಿದು ನಮ್ಮ ಮಾಲಿಗೆ ತಾನೇ ಬೆಲೆ ಕಟ್ಟುತ್ತಾನೆ.

ಲೆಕ್ಕ ಕಷ್ಟವೇನಲ್ಲ. 25 ಕಿಲೋ ಹೋತ ಕೊಯ್ದರೆ ಸುಮಾರು 12 ಕಿಲೋ ಮಾಂಸ. ತಲೆ, ಕಾಲು, ಬೋಟಿ ಬೇರೆ. ಅಂದಮೇಲೆ ಜೀವಂತ ತೂಕದ ಕಿಲೋಗೆ ಅಂಗಡಿ ಮಾಂಸದ ಹತ್ತಿರ ಹತ್ತಿರ ಅರ್ಧ ಬೆಲೆ ಕೇಳೋದು ದುರಾಸೆಯೇ? ನೀವೇ ಹೇಳಿ.

ಅದಕ್ಕೇ ನಾನು ಕೊಟ್ಟಿಗೆ ಮುಂದೆಯೇ ತಕ್ಕಡಿ ನೇತುಹಾಕಿದ್ದೇನೆ. ಬೆಳಗ್ಗೆ ಮೇವು ನೀರು ಕೊಡೋ ಮುಂಚೆ, ಕೊಳ್ಳುವವರ ಕಣ್ಣೆದುರೇ ತೂಕ. ಕಾರಲ್ಲಿ ಬಂದು "ಇನ್ನೊಂದು ಸಾವಿರ ಬಿಡಪ್ಪಾ" ಅನ್ನೋ ಬೆಂಗಳೂರಿನವರೇ, ಮಟನ್ ಅಂಗಡೀಲೂ ಹೀಗೇ ಚೌಕಾಸಿ ಮಾಡ್ತೀರಾ?

ರೈತ ಮಿತ್ರರೇ, ತೂಗದೆ ಮಾರಬೇಡಿ. ಹತ್ತು ಮನೆ ಸೇರಿ ಊರಿಗೊಂದು ತಕ್ಕಡಿ ತನ್ನಿ, ಸಾಕು.