ಸಹಿ ಹಾಕುವ ಕೈ

ತಂಗಿಯ ಮಗುವಿನ ನಾಮಕರಣಕ್ಕೆಂದು ದಾವಣಗೆರೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಸೋದರತ್ತೆ ಕೇಳಿದರು: "ವಿಮಾನದ ಕೆಲಸ ಅಂತೀಯಲ್ಲ, ಗಗನಸಖಿಯೇನೇ?"

"ಅಲ್ಲತ್ತೆ, ವಿಮಾನ ರಿಪೇರಿ ಮಾಡೋಳು."

ಹೋಳಿಗೆ ಮುರಿಯುತ್ತಿದ್ದ ಅವರ ಕೈ ನಿಂತಿತು. "ಅಯ್ಯೋ, ಸ್ಪ್ಯಾನರ್ ಹಿಡಿಯೋಕೆ ಗಂಡಸರಿರಲಿಲ್ಲವೇನೇ?"

ಅತ್ತೆ ಕೇಳಿದರೆ ನಕ್ಕು ಸುಮ್ಮನಾಗಬಹುದು. ಮೇಲಧಿಕಾರಿಯೇ ಕೇಳಿದರೆ?

ವಿಮಾನ ನಿರ್ವಹಣೆಯ ಲೈಸೆನ್ಸ್ ಸುಮ್ಮನೆ ಕೈಗೆ ಬರುವುದಿಲ್ಲ. ಪಿಯುಸಿಯಲ್ಲಿ ವಿಜ್ಞಾನ, ಗಣಿತ ಓದಿ, ತರಬೇತಿ ಪಡೆದು, ಡಿಜಿಸಿಎ ಪರೀಕ್ಷೆಗಳನ್ನು ಒಂದೊಂದಾಗಿ ದಾಟಬೇಕು. ನೂರಕ್ಕೆ 75 ಬಾರದಿದ್ದರೆ ಫೇಲು. ಜೊತೆಗೆ ಹಾರುವ ವಿಮಾನಗಳ ಮೇಲೆ ದುಡಿದ ಅನುಭವದ ದಾಖಲೆ ಬೇಕು. ತರಬೇತಿ ಶಾಲೆಯ ಸರ್ಟಿಫಿಕೇಟೇ ಲೈಸೆನ್ಸ್ ಎಂದು ಯಾರಾದರೂ ಹೇಳಿದರೆ ಮಗಳ ಫೀಸು ಕಟ್ಟುವ ಮುನ್ನ ಎರಡು ಸಲ ಯೋಚಿಸಿ.

ಹೆಣ್ಣಿಗೆ ಶಕ್ತಿ ಸಾಲದಂತೆ! ಎಂಜಿನ್ನನ್ನು ಯಾವ ಗಂಡಸೂ ತೋಳಿನಿಂದ ಎತ್ತುವುದಿಲ್ಲ, ಅದಕ್ಕೆ ಯಂತ್ರಗಳಿವೆ. ಬೋಲ್ಟಿಗೆ ಟಾರ್ಕ್ ರೆಂಚ್ ಇದೆ. ಪುಸ್ತಕದಲ್ಲಿ ಬರೆದ ಅಳತೆಗಿಂತ ಹೆಚ್ಚು ಬಿಗಿಸಿದರೂ ತಪ್ಪು, ಕಡಿಮೆಯಾದರೂ ತಪ್ಪು. ಕೆಲಸ ಮುಗಿದ ಮೇಲೆ ಹತಾರಗಳನ್ನೆಲ್ಲ ಎಣಿಸಬೇಕು. ಒಂದು ಕಾಣದಿದ್ದರೂ ಅದು ಸಿಗುವತನಕ ಹುಡುಕಬೇಕು. ಮದುವೆಮನೆಯಲ್ಲಿ ಬಾಡಿಗೆ ಪಾತ್ರೆ, ಸೌಟು ಎಣಿಸಿ ಒಪ್ಪಿಸುವವರು ಯಾರು, ನೀವೇ ಹೇಳಿ. ಬಳೆ ತೆಗೆಯಬೇಕು, ನಿಜ. ಗಂಡಸರೂ ಉಂಗುರ, ಗಡಿಯಾರ ತೆಗೆದಿಡುತ್ತಾರೆ.

ನನ್ನ ಜಗಳ ಬೇರೆಯೇ ಇದೆ. ಲೈಸೆನ್ಸ್ ಬಂದ ಮೇಲೆ ಮೊದಲು ಸೇರಿದ ಕಂಪನಿ ನನ್ನನ್ನು ಕೂರಿಸಿದ್ದು ಕಡತಗಳ ಕೋಣೆಯಲ್ಲಿ. "ರಾತ್ರಿ ಪಾಳಿ ನಿಮಗೆ ಬೇಡಮ್ಮ, ನಿಮ್ಮ ಒಳ್ಳೆಯದಕ್ಕೇ ಹೇಳೋದು." ಹಗಲೆಲ್ಲ ಹಾರುವ ವಿಮಾನ ಕೈಗೆ ಸಿಗುವುದೇ ಹೆಚ್ಚಾಗಿ ರಾತ್ರಿ. ರಾತ್ರಿ ಬೇಡವೆಂದರೆ ಅನುಭವವಿಲ್ಲ. ಅನುಭವವಿಲ್ಲದವಳಿಗೆ ಸಹಿಯ ಅಧಿಕಾರವನ್ನು ಯಾರು ಕೊಡುತ್ತಾರೆ? ಅದೇ ಕಟ್ಟಡದಲ್ಲಿ ರಾತ್ರಿಯಿಡೀ ನೆಲ ಒರೆಸುತ್ತಿದ್ದವರು ಹೆಂಗಸರೇ. ಅವರ ಒಳ್ಳೆಯದು ಯಾರಿಗೂ ನೆನಪಾಗಲಿಲ್ಲ! ಆಸ್ಪತ್ರೆಯ ನರ್ಸುಗಳಿಗೂ ರಾತ್ರಿ ಬೇಡ ಎಂದವರನ್ನು ನಾನು ಕಂಡಿಲ್ಲ.

ಮೂರು ಅರ್ಜಿ ಬರೆದ ಮೇಲೆ ರಾತ್ರಿ ಪಾಳಿ ಸಿಕ್ಕಿತು. ಈಗ ಬೆಳಗಿನ ಜಾವ ಕೈ ಒರೆಸಿಕೊಂಡು, ವಿಮಾನ ಹಾರಾಟಕ್ಕೆ ಯೋಗ್ಯವೆಂದು ಸಹಿ ಹಾಕುತ್ತೇನೆ. ರಿಪೇರಿಯಾದ ವಿಮಾನ ಲೈಸೆನ್ಸ್ ಇದ್ದವರ ಸಹಿ ಇಲ್ಲದೆ ಮೇಲೇರುವಂತಿಲ್ಲ. ಹೊಣೆ ದೊಡ್ಡದು, ಭಯವೂ ಇದೆ. ಆ ಭಯ ಗಂಡಸಿಗೂ ಇರಬೇಕು.

ನಮ್ಮ ಒಳ್ಳೆಯದನ್ನು ಬಯಸುವವರು ಮನೆಗೆ ಬಿಡುವ ವಾಹನ ಕೊಡಲಿ, ಚೊಕ್ಕ ಶೌಚಾಲಯ ಕೊಡಲಿ. ಕಡತದ ಕೋಣೆ ಮಾತ್ರ ಬೇಡ.

ಅಂದಹಾಗೆ, ಅತ್ತೆ ಮುಂದಿನ ತಿಂಗಳು ಕಾಶಿಗೆ ಹೊರಟಿದ್ದಾರೆ. ವಿಮಾನದಲ್ಲಿ.