ಇಂಜಿನ್ ನಿಂತ ಮೇಲಿನ ಒಂದೂವರೆ ನಿಮಿಷ

ಒಂದೇ ಇಂಜಿನ್ನಿನ ಪುಟ್ಟ ವಿಮಾನ ಕಂಡಾಗ ನಮ್ಮಲ್ಲಿ ಬಹುತೇಕರಿಗೆ ಬರುವ ಪ್ರಶ್ನೆ ಒಂದೇ: ಮೇಲೆ ಹೋದಮೇಲೆ ಇಂಜಿನ್ ಕೈಕೊಟ್ಟರೆ? ಕಲ್ಲಿನ ಹಾಗೆ ಬಿದ್ದುಬಿಡುತ್ತದೆ ಅಂದುಕೊಳ್ಳುತ್ತೇವೆ. ಹಾಗೇನೂ ಆಗುವುದಿಲ್ಲ. ವಿಮಾನವನ್ನು ಎತ್ತಿ ಹಿಡಿದಿರುವುದು ರೆಕ್ಕೆ. ಅದರ ಮೇಲೆ ಗಾಳಿ ಸಾಕಷ್ಟು ವೇಗವಾಗಿ ಹರಿಯುವವರೆಗೆ ವಿಮಾನ ಹಾರುತ್ತಲೇ ಇರುತ್ತದೆ, ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಸಾಗುವ ಹಾಗೆ.

ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳಿ. ಇಂಜಿನ್ ನಿಂತರೆ, ಒಂದು ಅಡಿ ಇಳಿಯುವಷ್ಟರಲ್ಲಿ ಅದು ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. 1,000 ಅಡಿ ಎತ್ತರದಲ್ಲಿದ್ದರೆ ಎರಡೂವರೆ ಕಿಲೋಮೀಟರ್‌ನಷ್ಟು ದೂರ, ಒಂದೂವರೆ ನಿಮಿಷದಷ್ಟು ಸಮಯ. ಅಷ್ಟರಲ್ಲಿ ಪೈಲಟ್ ಮೊದಲು ಸರಿಯಾದ ವೇಗ ಹಿಡಿಯಬೇಕು, ಆಮೇಲೆ ಇಳಿಯಲು ಜಾಗ ಆರಿಸಬೇಕು, ಸಮಯ ಉಳಿದರೆ ಇಂಜಿನ್ ಮತ್ತೆ ಶುರುವಾಗುತ್ತದೆಯೇ ನೋಡಬೇಕು. ಈ ಕ್ರಮ ತಪ್ಪಬಾರದು.

ಇಂಜಿನ್ ನಿಲ್ಲುವ ಕಾರಣಗಳು ಎಷ್ಟೋ ಸಲ ತೀರಾ ಸಾಧಾರಣ. ಇಂಧನ ಖಾಲಿಯಾಗುವುದು, ಅದರಲ್ಲಿ ನೀರು ಸೇರುವುದು, ಕಾರ್ಬ್ಯುರೇಟರಿನಲ್ಲಿ ಮಂಜುಗಟ್ಟುವುದು. ಇಂಧನ ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖ ಹೀರಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ತೇವವಿದ್ದರೆ, ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ ಒಳಗೆ ಮಂಜುಗಡ್ಡೆ ಕಟ್ಟಬಹುದು.

ಅಪಾಯ ಹೆಚ್ಚಿರುವುದು ಟೇಕಾಫ್ ಆದ ಕೂಡಲೇ. ಎತ್ತರ ಕಡಿಮೆ, ರನ್‌ವೇ ಬೆನ್ನ ಹಿಂದೆಯೇ ಇದೆ. ಮನಸ್ಸು 'ವಾಪಸ್ ತಿರುಗು' ಅನ್ನುತ್ತದೆ. ಆದರೆ 180 ಡಿಗ್ರಿ ತಿರುಗಿದರೂ ಸಾಲದು, ರನ್‌ವೇಗೆ ನೇರವಾಗಲು ಇನ್ನಷ್ಟು ತಿರುಗಬೇಕು. ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗಿದರೆ, ವಿಮಾನ ಹಾರಿಕೊಂಡಿರಲು ಬೇಕಾದ ಕನಿಷ್ಠ ವೇಗ ಸುಮಾರು 20 ಶೇಕಡ ಏರುತ್ತದೆ. ಆ ವೇಗ ಇಲ್ಲದಿದ್ದರೆ ರೆಕ್ಕೆ ಸೋಲುತ್ತದೆ. ಆಗ ಮಾತ್ರ ವಿಮಾನ ನಿಜವಾಗಿಯೂ ಬೀಳುತ್ತದೆ.

2015ರ ಮಾರ್ಚ್ 5ರಂದು ನಟ ಹ್ಯಾರಿಸನ್ ಫೋರ್ಡ್ ಎದುರಿಸಿದ್ದು ಇದನ್ನೇ. 72ರ ವಯಸ್ಸಿನ ಅವರು ಎರಡನೇ ಮಹಾಯುದ್ಧ ಕಾಲದ ರಯಾನ್ ತರಬೇತಿ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಹೊರಟಿದ್ದರು. ಸ್ವಲ್ಪದರಲ್ಲೇ ಇಂಜಿನ್ ಶಕ್ತಿ ಕಳೆದುಕೊಂಡಿತು. ವಾಪಸ್ ಬರುತ್ತೇನೆಂದು ಕಂಟ್ರೋಲ್ ಟವರಿಗೆ ತಿಳಿಸಿದರು. ರನ್‌ವೇ ಮುಟ್ಟಲಾಗದು ಎಂದು ಗೊತ್ತಾದಾಗ ಆ ಆಸೆ ಬಿಟ್ಟು ಪಕ್ಕದ ಗಾಲ್ಫ್ ಮೈದಾನದತ್ತ ಇಳಿದರು. ಮರದ ತುದಿಗೆ ತಾಗಿ ವಿಮಾನ ಜಖಂ ಆಯಿತು, ಅವರಿಗೂ ತೀವ್ರ ಪೆಟ್ಟಾಯಿತು. ಆದರೆ ಬದುಕಿದರು, ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ. ತನಿಖೆಯಲ್ಲಿ ಸಿಕ್ಕಿದ್ದು ಕಾರ್ಬ್ಯುರೇಟರಿನೊಳಗೆ ತಿರುಪು ಸಡಿಲಿಸಿಕೊಂಡಿದ್ದ ಒಂದು ಪುಟ್ಟ ಜೆಟ್. ಅದರಿಂದ ಇಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಇಂಧನ ನುಗ್ಗಿತ್ತು. ಭುಜದ ಬೆಲ್ಟನ್ನು ಸರಿಯಾಗಿ ಕೂರಿಸದಿದ್ದದ್ದು ಗಾಯ ಹೆಚ್ಚಿಸಿತು ಎಂದೂ ವರದಿ ಹೇಳಿತು.

ನಮ್ಮ ಸಾಫ್ಟ್‌ವೇರ್ ಮಂದಿಗೆ 'ರೋಲ್‌ಬ್ಯಾಕ್' ಎಂದರೆ ದೊಡ್ಡ ಧೈರ್ಯ. ಏನೇ ಕೆಟ್ಟರೂ ಹಿಂದಿನ ಸ್ಥಿತಿಗೆ ಮರಳಬಹುದು. ಪೈಲಟ್‌ಗೆ ಆ ಸೌಲಭ್ಯ ಕೆಲವು ನೂರು ಅಡಿಗಳ ಲೆಕ್ಕ. ಅದು ಮುಗಿದ ಮೇಲೆ ಉಳಿಸಬೇಕಾದದ್ದು ಜೀವ, ವಿಮಾನವಲ್ಲ. ಇಂಜಿನ್ ನಿಂತ ಕ್ಷಣದಿಂದ ವಿಮಾನ ಇನ್ಶೂರೆನ್ಸ್ ಕಂಪನಿಯದ್ದು ಎಂದು ಪೈಲಟ್‌ಗಳು ತಮ್ಮೊಳಗೆ ಹೇಳಿಕೊಳ್ಳುವುದು ಬರೀ ತಮಾಷೆಯಲ್ಲ.

ಪುಣೆಯವರಾದ ನಮಗೆ ಬಾರಾಮತಿಯ ತರಬೇತಿ ವಿಮಾನಗಳು ದೂರವಲ್ಲ, ಬೆಂಗಳೂರಿನವರಿಗೆ ಜಕ್ಕೂರು ಇದೆ. ಮುಂದೊಂದು ದಿನ ಅಂಥ ವಿಮಾನದಲ್ಲಿ ಕೂರುವ ಅವಕಾಶ ಸಿಕ್ಕರೆ ಭುಜದ ಬೆಲ್ಟ್ ಬಿಗಿಯಾಗಿ ಕಟ್ಟಿಕೊಳ್ಳಿ. ಹೊರಡುವ ಮುಂಚೆ ಪೈಲಟ್‌ರನ್ನು ಸಂಕೋಚವಿಲ್ಲದೆ ಕೇಳಿ: "ಇಂಜಿನ್ ನಿಂತರೆ ಎಲ್ಲಿ ಇಳಿಸುತ್ತೀರಿ?" ಒಳ್ಳೆಯ ಪೈಲಟ್ ಬೇಸರಪಡುವುದಿಲ್ಲ. ಉತ್ತರವನ್ನು ಅವರು ಆಗಲೇ ಯೋಚಿಸಿಟ್ಟಿರುತ್ತಾರೆ.