ಫಾರ್ಮ್ಯಾಟ್ ಮಾಡಿಸುವ ಮುನ್ನ ಒಂದು ಪಟ್ಟಿ

ಶಾಲೆಯ ಕಂಪ್ಯೂಟರ್‌ಗೆ ವೈರಸ್ ಬಂದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಪರಿಹಾರಗಳು ಕೇಳಿಬರುತ್ತವೆ. ಒಂದು, ‘ಫಾರ್ಮ್ಯಾಟ್ ಮಾಡಿಸಿಬಿಡಿ’. ಇನ್ನೊಂದು, ‘ಕೊಠಡಿಗೆ ಬೀಗ ಹಾಕಿ, ಇನ್ನು ಯಾರೂ ಮುಟ್ಟಬೇಡಿ’. ಮೊದಲನೆಯದು ಯಂತ್ರವನ್ನು ಉಳಿಸಿ ಅದರೊಳಗಿನ ಕೆಲಸವನ್ನು ಕಳೆಯುತ್ತದೆ. ಎರಡನೆಯದು ಯಂತ್ರವನ್ನೇ ಮಕ್ಕಳಿಂದ ದೂರ ಇಡುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ದುರಸ್ತಿ ಅಂಗಡಿಯವರು ಮಾತ್ರ ತಿಳಿದಿರಬೇಕಾದ ವಿದ್ಯೆಯಲ್ಲ, ಶಿಕ್ಷಕರಾಗಲು ಹೊರಟ ನಾವು ಬೋಧನಾಭ್ಯಾಸದ ಅವಧಿಯಲ್ಲೇ ಕಲಿಯಬೇಕಾದದ್ದು ಎಂಬುದು ನನ್ನ ಅಭಿಪ್ರಾಯ.

ನಾನು ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯಲ್ಲಿ ನಡೆದದ್ದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಿಂದ ಕಚೇರಿಯ ಕಂಪ್ಯೂಟರ್‌ಗೆ ವೈರಸ್ ಹತ್ತಿತು. ಪೆನ್‌ಡ್ರೈವ್‌ನಲ್ಲಿದ್ದ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಾಣತೊಡಗಿದವು, ಕಂಪ್ಯೂಟರ್ ನಿಧಾನವಾಯಿತು. ದುರಸ್ತಿಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: ‘ಸಿ ಡ್ರೈವ್‌ನಲ್ಲಿ ಏನಾದ್ರೂ ಬೇಕಾ ಸಾರ್?’ ಆ ಹೊತ್ತಿಗೆ ಅಲ್ಲಿದ್ದವರು, ‘ಏನೂ ಬೇಡ, ನಮ್ಮದೆಲ್ಲ ಡೆಸ್ಕ್‌ಟಾಪ್‌ನಲ್ಲೇ ಇದೆ’ ಎಂದರು. ಡೆಸ್ಕ್‌ಟಾಪ್ ಇರುವುದೇ ಸಿ ಡ್ರೈವ್‌ನಲ್ಲಿ. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಹೊಸದರಂತೆ ಓಡುತ್ತಿತ್ತು. ಒಂಬತ್ತನೇ ತರಗತಿಯ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳು, ವಿಜ್ಞಾನ ವಸ್ತುಪ್ರದರ್ಶನದ ಫೋಟೊಗಳು, ಹಿರಿಯ ಶಿಕ್ಷಕಿಯೊಬ್ಬರು ಹಲವು ವರ್ಷಗಳಿಂದ ಟೈಪ್ ಮಾಡಿಟ್ಟಿದ್ದ ಜೀವಶಾಸ್ತ್ರದ ಪ್ರಶ್ನೆಕೋಶ ಎಲ್ಲವೂ ಹೋಗಿದ್ದವು. ಅಂಕಗಳನ್ನು ವಹಿಯಿಂದ ನೋಡಿ ಮತ್ತೆ ತುಂಬಿದರು. ಪ್ರಶ್ನೆಕೋಶಕ್ಕೆ ಬೇರೆ ಪ್ರತಿ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಫೈಲ್‌ಗಳನ್ನು ಅಳಿಸಿದ್ದು ವೈರಸ್ ಅಲ್ಲ. ಅಳಿಸಿದ್ದು ಅದಕ್ಕೆ ನಾವು ಮಾಡಿದ ಚಿಕಿತ್ಸೆ.

ವೈರಸ್ ಎಂಬ ಒಂದೇ ಪದದಡಿ ನಾವು ಬೇರೆ ಬೇರೆ ಬಗೆಯ ಹಾನಿಗಳನ್ನು ಸೇರಿಸಿಬಿಡುತ್ತೇವೆ. ವಿಜ್ಞಾನ ಬೋಧಿಸುವವರಾದ ನಾವು ಮಕ್ಕಳಿಗೆ ಮೊದಲು ವರ್ಗೀಕರಣ ಕಲಿಸುತ್ತೇವಲ್ಲ, ಇಲ್ಲಿಯೂ ಅದೇ ಬೇಕು. ಫೈಲ್‌ಗಳ ದೃಷ್ಟಿಯಿಂದ ಹಾನಿ ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು, ಫೈಲ್ ಅಡಗುವುದು. ಶಾಲೆಗಳಲ್ಲಿ ನಾವು ಕಾಣುವ ಶಾರ್ಟ್‌ಕಟ್ ವೈರಸ್ ಈ ಜಾತಿಯದು. ಅದು ನಿಜವಾದ ಫೋಲ್ಡರ್‌ಗೆ ‘ಹಿಡನ್’ ಮತ್ತು ‘ಸಿಸ್ಟಂ’ ಎಂಬ ಗುರುತು ಹಾಕಿ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಮುಂದಿಡುತ್ತದೆ. ನಾವು ಅದನ್ನು ಕ್ಲಿಕ್ ಮಾಡಿದಾಗ ವೈರಸ್ ಓಡುತ್ತದೆ. ಒಳಗಿನ ಫೈಲ್‌ಗೆ ಏನೂ ಆಗಿರುವುದಿಲ್ಲ. ಹಿಡನ್ ಫೈಲ್ ತೋರಿಸು ಎಂಬ ಆಯ್ಕೆಯೊಂದನ್ನೇ ಒತ್ತಿದರೆ ಸಾಲದು, ಸಿಸ್ಟಂ ಫೈಲ್‌ಗಳನ್ನು ಮರೆಮಾಡು ಎಂಬ ಗುರುತನ್ನೂ ತೆಗೆಯಬೇಕು. ಉಬುಂಟು ಇರುವ ಕಂಪ್ಯೂಟರ್‌ಗೆ ಆ ಪೆನ್‌ಡ್ರೈವ್ ಹಾಕಿದರೆ ಇನ್ನೂ ಸುಲಭ. ವಿಂಡೋಸ್‌ನ ಆ ಗುರುತುಗಳು ಅಲ್ಲಿ ನಡೆಯುವುದಿಲ್ಲ, ಎಲ್ಲ ಫೋಲ್ಡರ್‌ಗಳೂ ಕಣ್ಣಿಗೆ ಬೀಳುತ್ತವೆ. ವಿಂಡೋಸ್‌ಗೆಂದು ಬರೆದ ಶಾರ್ಟ್‌ಕಟ್‌ಗಳೂ ಅಲ್ಲಿ ಕೆಲಸ ಮಾಡುವುದಿಲ್ಲ.

ಎರಡನೆಯದು, ಫೈಲ್ ಅಳಿಯುವುದು. ಹಾರ್ಡ್ ಡಿಸ್ಕ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಫೈಲ್ ಡಿಲೀಟ್ ಆಯಿತೆಂದರೆ ಪುಸ್ತಕದ ಪರಿವಿಡಿಯಿಂದ ಒಂದು ಸಾಲು ಹೊಡೆದುಹಾಕಿದಂತೆ, ಪಾಠ ಒಳಗೆ ಉಳಿದಿರುತ್ತದೆ. ಆ ಜಾಗದಲ್ಲಿ ಹೊಸದನ್ನು ಬರೆಯುವವರೆಗೆ ಫೋಟೊರೆಕ್, ರೆಕುವಾದಂಥ ಉಚಿತ ತಂತ್ರಾಂಶಗಳಿಂದ ಅದನ್ನು ಹೊರತೆಗೆಯಲು ಸಾಧ್ಯವಿರುತ್ತದೆ. ಆದ್ದರಿಂದ ಫೈಲ್ ಕಳೆದ ಡ್ರೈವ್‌ಗೆ ಅಂಥ ತಂತ್ರಾಂಶವನ್ನೂ ಇನ್‌ಸ್ಟಾಲ್ ಮಾಡಬಾರದು, ಬೇರೆ ಡ್ರೈವ್‌ನಿಂದ ಓಡಿಸಬೇಕು. ಹೊಸ ಕಂಪ್ಯೂಟರ್‌ಗಳಲ್ಲಿರುವ ಎಸ್‌ಎಸ್‌ಡಿಯಲ್ಲಿ ಮಾತ್ರ ಈ ಭರವಸೆ ಬಹಳ ಕಡಿಮೆ. ಡಿಲೀಟ್ ಆದ ಜಾಗವನ್ನು ಅದು ತಾನೇ ಬೇಗ ಖಾಲಿ ಮಾಡಿಕೊಳ್ಳುತ್ತದೆ.

ಮೂರನೆಯದು, ಫೈಲ್‌ನ ಮೇಲೆ ಬೇರೇನನ್ನೋ ಬರೆದುಬಿಡುವುದು. 2000ದ ಮೇ ತಿಂಗಳಲ್ಲಿ ಫಿಲಿಪೈನ್ಸ್‌ನಿಂದ ಹೊರಟು ಜಗತ್ತನ್ನೇ ಸುತ್ತಿದ ‘ಐ ಲವ್ ಯೂ’ ವೈರಸ್ ಚಿತ್ರಗಳ ಫೈಲ್‌ಗಳ ಮೇಲೆ ತನ್ನದೇ ಪ್ರತಿಯನ್ನು ಬರೆಯುತ್ತಿತ್ತು. ಇಲ್ಲಿ ಆಂಟಿವೈರಸ್ ವೈರಸ್ಸನ್ನು ತೆಗೆಯಬಲ್ಲದೇ ಹೊರತು ಚಿತ್ರವನ್ನು ಮರಳಿ ಕೊಡಲಾರದು. ಮೊದಲೇ ತೆಗೆದಿಟ್ಟ ಪ್ರತಿಯೊಂದೇ ಗತಿ.

ನಾಲ್ಕನೆಯದು, ಫೈಲ್‌ಗೆ ಬೀಗ ಬೀಳುವುದು. ಇದೇ ರಾನ್ಸಮ್‌ವೇರ್. 2017ರ ಮೇ 12ರಂದು ಹಬ್ಬಿದ ‘ವಾನ್ನಾಕ್ರೈ’ 150ಕ್ಕೂ ಹೆಚ್ಚು ದೇಶಗಳನ್ನು ಮುಟ್ಟಿತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೇ ನಿಲ್ಲಿಸಿತು. ಇದರಲ್ಲಿ ಫೈಲ್ ಅಲ್ಲೇ ಇರುತ್ತದೆ, ತೆರೆಯುವ ಕೀಲಿ ಮಾತ್ರ ಅಪರಾಧಿಯ ಕೈಯಲ್ಲಿರುತ್ತದೆ. ಹಣ ಕೊಟ್ಟರೆ ಕೀಲಿ ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ. ಹಾಗೆಂದು ಬೀಗ ಬಿದ್ದ ಫೈಲ್‌ಗಳನ್ನು ಕೂಡಲೇ ಅಳಿಸುವುದೂ ಸರಿಯಲ್ಲ. ಯೂರೋಪೋಲ್ ಮತ್ತು ನೆದರ್‌ಲ್ಯಾಂಡ್ಸ್ ಪೊಲೀಸರು ಭದ್ರತಾ ಕಂಪನಿಗಳೊಂದಿಗೆ ಸೇರಿ 2016ರ ಜುಲೈನಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ಜಾಲತಾಣದಲ್ಲಿ ಹಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳಿವೆ. ಅದೇ ವರ್ಷದ ಮೇ ತಿಂಗಳಲ್ಲಿ ‘ಟೆಸ್ಲಾಕ್ರಿಪ್ಟ್’ ಎಂಬ ರಾನ್ಸಮ್‌ವೇರ್ ಮಾಡಿದವರೇ ತಮ್ಮ ಮೂಲ ಕೀಲಿಯನ್ನು ಬಹಿರಂಗಪಡಿಸಿದರು. ಅಲ್ಲಿಯವರೆಗೆ ಫೈಲ್‌ಗಳನ್ನು ಹಾಗೆಯೇ ಎತ್ತಿಟ್ಟುಕೊಂಡಿದ್ದವರಿಗೆ ಅವು ಮರಳಿ ದಕ್ಕಿದವು, ಅಳಿಸಿದ್ದವರಿಗೆ ಇಲ್ಲ.

ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ. ಆದರೆ ಫಾರ್ಮ್ಯಾಟ್ ನಾಲ್ಕನ್ನೂ ಒಂದೇ ಎಂದು ತಿಳಿಯುತ್ತದೆ. ಮೊದಲ ಬಗೆಯಲ್ಲಿ ಹತ್ತು ನಿಮಿಷದಲ್ಲಿ ಸಿಗಬಹುದಾಗಿದ್ದ ಫೈಲ್‌ಗಳನ್ನೂ ಅದು ಒಯ್ಯುತ್ತದೆ. ಫಾರ್ಮ್ಯಾಟ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅದೇ ಸರಿಯಾದ ದಾರಿ. ಆದರೆ ಅದು ಕೊನೆಯ ಹೆಜ್ಜೆಯಾಗಬೇಕು.

ಹಾಗಾದರೆ ಮೊದಲಿನ ಹೆಜ್ಜೆಗಳು ಯಾವುವು? ಕಂಪ್ಯೂಟರ್‌ನ ನೆಟ್‌ವರ್ಕ್ ತಂತಿ ತೆಗೆಯುವುದು, ವೈಫೈ ನಿಲ್ಲಿಸುವುದು, ಬೇರೆ ಪೆನ್‌ಡ್ರೈವ್‌ಗಳನ್ನು ಹತ್ತಿರ ತರದಿರುವುದು. ಪರದೆಯ ಮೇಲೆ ಕಾಣುವ ಸಂದೇಶದ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳುವುದು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಪಟ್ಟಿ ಮಾಡುವುದು: ಈ ಕಂಪ್ಯೂಟರ್‌ನಲ್ಲಿ ಯಾವ ಯಾವ ಫೈಲ್‌ಗಳಿದ್ದವು, ಎಲ್ಲಿದ್ದವು, ಬೇರೆ ಎಲ್ಲಾದರೂ ಪ್ರತಿ ಇದೆಯೇ? ಸ್ಯಾಟ್ಸ್‌ನಲ್ಲಿ ತುಂಬಿದ ಮಾಹಿತಿ ಸರ್ವರ್‌ನಲ್ಲಿರುತ್ತದೆ, ಅದರ ಚಿಂತೆ ಬೇಡ. ಪ್ರಶ್ನೆಪತ್ರಿಕೆಯನ್ನು ಯಾರಿಗೋ ಇಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರೆ ಅಲ್ಲಿ ಸಿಗುತ್ತದೆ. ಎಲ್ಲಿಯೂ ಇಲ್ಲದವು ಯಾವುವೋ ಅವನ್ನು ಮೊದಲು ಉಳಿಸಬೇಕು. ಪೆನ್‌ಡ್ರೈವ್‌ನಿಂದಲೇ ಚಾಲೂ ಆಗುವ ಉಬುಂಟು ಬಳಸಿ, ಸೋಂಕು ತಗುಲಿದ ವಿಂಡೋಸ್ ಅನ್ನು ತೆರೆಯದೆಯೇ ಡಾಕ್ಯುಮೆಂಟ್, ಎಕ್ಸೆಲ್, ಫೋಟೊ ಫೈಲ್‌ಗಳನ್ನು ಮಾತ್ರ ಬೇರೆ ಡಿಸ್ಕ್‌ಗೆ ನಕಲು ಮಾಡಬಹುದು. ಪ್ರೋಗ್ರಾಂ ಫೈಲ್‌ಗಳನ್ನೂ ಶಾರ್ಟ್‌ಕಟ್‌ಗಳನ್ನೂ ತರಬಾರದು. ನಕಲು ಮಾಡಿದವನ್ನೂ ತೆರೆಯುವ ಮುನ್ನ ಸ್ಕ್ಯಾನ್ ಮಾಡಬೇಕು, ವರ್ಡ್ ಮತ್ತು ಎಕ್ಸೆಲ್ ಫೈಲ್‌ಗಳಲ್ಲೂ ಮ್ಯಾಕ್ರೊ ವೈರಸ್ ಇರಬಹುದು. ಇಷ್ಟಾದ ಮೇಲೆ ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿ ನೋಡುವುದು. ಅದರಿಂದಲೂ ಆಗದಿದ್ದರೆ, ಆಗ ಫಾರ್ಮ್ಯಾಟ್.

ಫಾರ್ಮ್ಯಾಟ್ ಆದ ಮೇಲೂ ಕನ್ನಡ ಶಾಲೆಗಳಿಗೆ ಎದುರಾಗುವ ಒಂದು ಅಪಾಯವಿದೆ. ಉಳಿಸಿಕೊಂಡ ಪ್ರಶ್ನೆಪತ್ರಿಕೆಯನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ‘ಇದಕ್ಕೂ ವೈರಸ್ ಹೊಕ್ಕಿದೆ’ ಎಂದು ಅಳಿಸಿದವರಿದ್ದಾರೆ. ಅದು ವೈರಸ್ ಅಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಅದು, ಫಾರ್ಮ್ಯಾಟ್‌ನಲ್ಲಿ ಫಾಂಟ್ ಹೋಗಿದೆ ಅಷ್ಟೇ. ಅದೇ ಫಾಂಟ್ ಮತ್ತೆ ಹಾಕಿದರೆ ಅಕ್ಷರಗಳು ಮರಳುತ್ತವೆ. ಇನ್ನು ಮುಂದೆ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿದರೆ ಈ ತೊಂದರೆಯೇ ಇರುವುದಿಲ್ಲ. ಅಂತೆಯೇ, ಹೊಸದಾಗಿ ಹಾಕಿದ ವಿಂಡೋಸ್‌ಗೆ ಮೊದಲು ಅಪ್‌ಡೇಟ್ ಕೊಡಬೇಕು. ವಾನ್ನಾಕ್ರೈ ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, 2017ರ ಮಾರ್ಚ್‌ನಲ್ಲಿಯೇ ಬಂದಿತ್ತು. ವಿಂಡೋಸ್ 7ಕ್ಕೆ ಸಾಮಾನ್ಯ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿದೆ ಎಂಬುದನ್ನು ಹಳೆಯ ಕಂಪ್ಯೂಟರ್ ಇರುವ ಶಾಲೆಗಳು ನೆನಪಿಡಬೇಕು. ಇಮೇಲ್ ಮತ್ತು ಸ್ಯಾಟ್ಸ್ ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಇನ್ನೊಂದು ಯಂತ್ರದಿಂದ ಬದಲಿಸಬೇಕು.

‘ಇದೆಲ್ಲ ತಂತ್ರಜ್ಞರ ಕೆಲಸ, ಬಿ.ಎಡ್. ವಿದ್ಯಾರ್ಥಿಗಳ ತಲೆಗೆ ಇದನ್ನೂ ಏಕೆ ಹೊರಿಸಬೇಕು’ ಎಂಬ ಆಕ್ಷೇಪ ಬರುತ್ತದೆ. ಪಾಠಯೋಜನೆ, ಸೂಕ್ಷ್ಮಬೋಧನೆ, ಕ್ರಿಯಾ ಸಂಶೋಧನೆ, ದಿನಚರಿ ಇವುಗಳ ನಡುವೆ ನಮಗೆ ಪುರುಸೊತ್ತಿಲ್ಲ ಎಂಬುದು ನಿಜ. ಆದರೆ ದುರಸ್ತಿಗೆ ಬಂದವರಿಗೆ ಯಂತ್ರ ಗೊತ್ತು, ಯಾವ ಫೈಲ್ ಮುಖ್ಯ ಎಂಬುದು ಗೊತ್ತಿರುವುದು ಶಿಕ್ಷಕರಿಗೆ ಮಾತ್ರ. ಆ ಪಟ್ಟಿ ಕೊಡುವ ಕೆಲಸವನ್ನು ಬೇರೆ ಯಾರಿಗೂ ವಹಿಸಲಾಗದು. ಇನ್ನೊಂದು ಹೊಣೆಯೂ ಇದೆ. ಆ ಕಂಪ್ಯೂಟರ್‌ನಲ್ಲಿ ಮಕ್ಕಳ ಹೆಸರು, ವಿಳಾಸ, ಪೋಷಕರ ಫೋನ್ ಸಂಖ್ಯೆ, ಜಾತಿ, ಆಧಾರ್ ವಿವರಗಳಿರುತ್ತವೆ. ಅದನ್ನು ಹಾಗೆಯೇ ಅಂಗಡಿಗೆ ಒಯ್ದು ಬಿಟ್ಟು ಬರುವುದು ದಾಖಲಾತಿ ವಹಿಯನ್ನು ಬೀದಿಯಲ್ಲಿ ಇಟ್ಟು ಬಂದಂತೆ. ವಹಿಯ ವಿಷಯದಲ್ಲಿ ನಾವು ಎಂದೂ ಮಾಡದ್ದನ್ನು ಕಂಪ್ಯೂಟರ್ ವಿಷಯದಲ್ಲಿ ಏಕೆ ಮಾಡಬೇಕು?

ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಬಂದ ಎರಡು ವರ್ಷದ ಬಿ.ಎಡ್.ನಲ್ಲಿ ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆಗೆಂದೇ ಒಂದು ಪತ್ರಿಕೆಯಿದೆ. ಪ್ರಾಯೋಗಿಕವಾಗಿ ನಾವು ಅಲ್ಲಿ ಹೆಚ್ಚಾಗಿ ಮಾಡುವುದು ಪಿಪಿಟಿ. ಸ್ಲೈಡ್ ಮಾಡುವುದನ್ನು ಕಲಿತವರು ಅದನ್ನು ಕಾಪಾಡುವುದನ್ನೂ ಕಲಿಯಬೇಡವೇ? ನಮ್ಮ ಬೋಧಕರ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ.

ಒಂದು, ಐಸಿಟಿ ಪ್ರಾಯೋಗಿಕದಲ್ಲಿ ಎರಡು ಅವಧಿಗಳನ್ನು ‘ಫೈಲ್ ಮರಳಿ ಪಡೆಯುವ ಅಭ್ಯಾಸ’ಕ್ಕೆ ಮೀಸಲಿಡುವುದು. ಇದಕ್ಕೆ ನಿಜವಾದ ವೈರಸ್ ಬೇಕಿಲ್ಲ. ಬೋಧಕರೇ ಒಂದು ಪೆನ್‌ಡ್ರೈವ್‌ನಲ್ಲಿ ಕೆಲವು ಫೋಲ್ಡರ್‌ಗಳನ್ನು ಅಡಗಿಸಿ, ಕೆಲವು ಫೈಲ್‌ಗಳನ್ನು ಅಳಿಸಿ ಕೊಟ್ಟರೆ ಸಾಕು, ನಾವು ಹುಡುಕಿ ತೆಗೆಯುತ್ತೇವೆ. ಆಂಟಿವೈರಸ್ ಹೇಗೆ ಎಚ್ಚರಿಸುತ್ತದೆ ಎಂದು ತೋರಿಸಲು ‘ಐಕಾರ್’ ಎಂಬ ಪರೀಕ್ಷಾ ಫೈಲ್ ಇದೆ. ಕೇವಲ 68 ಅಕ್ಷರಗಳ, ಯಾವ ಹಾನಿಯನ್ನೂ ಮಾಡದ ಫೈಲ್ ಅದು.

ಎರಡು, ಇಂಟರ್ನ್‌ಶಿಪ್‌ಗೆ ಹೋದ ಶಾಲೆಯಲ್ಲಿ ಮಾರ್ಗದರ್ಶಕ ಶಿಕ್ಷಕರೊಂದಿಗೆ ಕುಳಿತು ಒಂದು ಪುಟದ ‘ಫೈಲ್ ವಹಿ’ ಸಿದ್ಧಪಡಿಸಿ ಕೊಡುವುದು. ಮುಖ್ಯ ಫೈಲ್‌ಗಳು ಯಾವುವು, ಯಾವ ಡ್ರೈವ್‌ನಲ್ಲಿವೆ, ಪ್ರತಿ ಎಲ್ಲಿದೆ, ಕಡೆಯ ಬಾರಿ ಯಾವತ್ತು ನಕಲು ಮಾಡಿದ್ದು ಎಂಬ ನಾಲ್ಕೇ ಕಲಂಗಳು. ಶನಿವಾರ ಶಾಲೆ ಬಿಡುವ ಮುನ್ನ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ, ಡಿಸ್ಕನ್ನು ಕಂಪ್ಯೂಟರ್‌ನಿಂದ ಬಿಡಿಸಿ ಬೀರುವಿನಲ್ಲಿಡುವುದು. ಬಿಡಿಸುವುದು ಮುಖ್ಯ, ಏಕೆಂದರೆ ಜೋಡಿಸಿಯೇ ಇಟ್ಟ ಡಿಸ್ಕ್‌ಗೂ ರಾನ್ಸಮ್‌ವೇರ್ ಬೀಗ ಹಾಕುತ್ತದೆ.

ಮೂರು, ಇದನ್ನು ಮಕ್ಕಳಿಗೆ ಒಂದು ಪಾಠವಾಗಿ ಕಲಿಸುವುದು. ಜೀವಶಾಸ್ತ್ರದ ವೈರಸ್‌ಗೂ ಕಂಪ್ಯೂಟರ್ ವೈರಸ್‌ಗೂ ಇರುವ ಹೋಲಿಕೆ, ವ್ಯತ್ಯಾಸಗಳು ಪ್ರೌಢಶಾಲೆಯ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತವೆ. ಎರಡೂ ತಾವಾಗಿ ಬದುಕಲಾರವು, ಎರಡಕ್ಕೂ ಆತಿಥೇಯ ಬೇಕು, ಎರಡೂ ತಮ್ಮ ಪ್ರತಿಗಳನ್ನು ಮಾಡುತ್ತವೆ. ಒಂದು ಪ್ರಕೃತಿಯಲ್ಲಿ ವಿಕಾಸವಾದದ್ದು, ಇನ್ನೊಂದನ್ನು ಮನುಷ್ಯನೇ ಬರೆದದ್ದು. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಉಚಿತ ತಂತ್ರಾಂಶಗಳನ್ನೂ, ಸೈಬರ್ ವಂಚನೆಗೆ ಕರೆ ಮಾಡಬೇಕಾದ 1930 ಸಂಖ್ಯೆಯನ್ನೂ ಅದೇ ಅವಧಿಯಲ್ಲಿ ಪರಿಚಯಿಸಬಹುದು.

ಬೀಗ ಹಾಕಿದ ಕಂಪ್ಯೂಟರ್ ಕೊಠಡಿ ಸುರಕ್ಷಿತವಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಯಾರೂ ಏನನ್ನೂ ಕಲಿಯುವುದಿಲ್ಲ. ವೈರಸ್ ಬರಬಹುದೆಂಬ ಭಯದಿಂದ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುವ ಶಿಕ್ಷಕರಿಗಿಂತ, ಬಂದರೆ ಏನು ಮಾಡಬೇಕೆಂದು ಗೊತ್ತಿರುವ ಶಿಕ್ಷಕರು ಶಾಲೆಗೆ ಬೇಕು. ಅಂಥವರನ್ನು ತಯಾರು ಮಾಡಲು ನಮ್ಮ ಕಾಲೇಜುಗಳಿಗೆ ಹೊಸ ಉಪಕರಣವೇನೂ ಬೇಕಿಲ್ಲ. ಎರಡು ಪ್ರಾಯೋಗಿಕ ಅವಧಿ, ಒಂದು ಹಳೆಯ ಪೆನ್‌ಡ್ರೈವ್, ಒಂದು ಹಾಳೆ ಸಾಕು. ಮುಂದಿನ ಇಂಟರ್ನ್‌ಶಿಪ್ ತಂಡದಿಂದಲೇ ಇದನ್ನು ಆರಂಭಿಸಬಹುದು.